ಬಾಡಿಗೆ ಮನೆ, ಸೈಟು, ಫ್ಲ್ಯಾಟು: ಕಾನೂನು ಕೊಟ್ಟಿರುವ ತೆರಿಗೆ ರಿಯಾಯಿತಿ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಚಿಕ್ಕಪ್ಪ ಮೈಸೂರಿನ ಸೈಟು ಮಾರಿದ್ದು 2025ರ ಅಕ್ಟೋಬರ್‌ನಲ್ಲಿ, 48 ಲಕ್ಷಕ್ಕೆ. ಕೊಂಡಿದ್ದು 2005ರ ಜೂನ್‌ನಲ್ಲಿ, ನೋಂದಣಿ ಖರ್ಚೂ ಸೇರಿ 6 ಲಕ್ಷ. ಲೆಕ್ಕ ಹಾಕಲು ಕೂತಾಗ ಅವರು, "2009ರಲ್ಲಿ ಬೋರ್ ಹಾಕಿಸಿ, ಸುತ್ತ ಕಾಂಪೌಂಡ್ ಕಟ್ಟಿಸಿದ್ದೆ ಕಣೋ, ಎರಡು ಲಕ್ಷದ ನಲವತ್ತು ಸಾವಿರ ಆಗಿತ್ತು" ಅಂದರು. ಬಿಲ್ ಎಲ್ಲಿ? ಗೊತ್ತಿಲ್ಲ. ಚಿಕ್ಕಮ್ಮ ಎರಡು ದಿನ ಹುಡುಕಿ, ಅಟ್ಟದ ಮೇಲಿದ್ದ ಟ್ರಂಕಿನಿಂದ ಎರಡು ಹಳದಿ ಬಿಲ್ ತೆಗೆದುಕೊಟ್ಟರು. ಒಂದು ಬೋರ್‌ವೆಲ್ ಕೊರೆದವರದ್ದು, ಅಡಿ ಲೆಕ್ಕದ ಸಮೇತ. ಇನ್ನೊಂದು ಇಟ್ಟಿಗೆ, ಸಿಮೆಂಟು, ಕೂಲಿ ಸೇರಿಸಿ ಮೇಸ್ತ್ರಿ ಬರೆದುಕೊಟ್ಟು ಸಹಿ ಹಾಕಿದ್ದು. ಹಣ ಚೆಕ್‌ನಲ್ಲಿ ಹೋಗಿತ್ತು, ಪಾಸ್‌ಬುಕ್‌ನಲ್ಲಿ ಎಂಟ್ರಿ ಇತ್ತು.

ಆ ಎರಡು ಹಾಳೆಗಳಿಂದ ಅವರ ತೆರಿಗೆ 76,000 ರೂಪಾಯಿಗೂ ಜಾಸ್ತಿ ಕಡಿಮೆಯಾಯಿತು. ಹೇಗೆ ಅಂತ ಮುಂದೆ ತೋರಿಸುತ್ತೇನೆ. ಮನೆ, ಸೈಟಿನ ಮೇಲೆ ಹಣ ಹಾಕಿದವರಿಗೆ ಕಾನೂನಿನಲ್ಲಿ ರಿಯಾಯಿತಿಗಳು ಬೇಕಾದಷ್ಟಿವೆ. ಆದರೆ ಅವು ಕಾಗದ ಇಟ್ಟುಕೊಂಡವರಿಗೆ, ತಾರೀಖು ನೋಡಿ ಹೆಜ್ಜೆ ಇಟ್ಟವರಿಗೆ ಮಾತ್ರ ಸಿಗುತ್ತವೆ. ಮಾರಿ ಆದ ಮೇಲೆ ಆಡಿಟರ್ ಹತ್ತಿರ ಓಡಿದರೆ ಅವರೇನು ಮಾಡಿಯಾರು?

ಶುರು ಮಾಡುವ ಮುಂಚೆ ಒಂದು ಮಾತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅಂದರೆ 2025ರ ಕಾಯ್ದೆ, ಜಾರಿಗೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ ಬ್ಯಾಂಕಿನವರ, ಆಡಿಟರ್‌ಗಳ ಬಾಯಲ್ಲಿ ಇನ್ನೂ ಹಳೇ ಸಂಖ್ಯೆಗಳೇ ಓಡಾಡುತ್ತಿವೆ. ನಾನೂ ಇಲ್ಲಿ 1961ರ ಕಾಯ್ದೆಯ ಸಂಖ್ಯೆಗಳನ್ನೇ ಬಳಸಿದ್ದೇನೆ.

ಹೆಜ್ಜೆ 1: ಪ್ರತಿ ಆಸ್ತಿಗೂ ಒಂದು ಫೈಲು ಮಾಡಿ

ಈ ವಾರವೇ ಮಾಡಿ. ಆಸ್ತಿಗೊಂದು ಫೈಲು, ಮೇಲೆ ಹೆಸರು. ಒಳಗೆ ಕ್ರಯಪತ್ರ, ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ), ಖಾತಾ, ಕಂದಾಯ ಕಟ್ಟಿದ ರಸೀದಿಗಳು, ಸಾಲದ ಮಂಜೂರಾತಿ ಪತ್ರ, ಪ್ರತಿ ವರ್ಷ ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟು, ಬಾಡಿಗೆ ಕರಾರು. ಕೊಂಡಾಗ ಕಟ್ಟಿದ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಬ್ರೋಕರ್‌ಗೆ ಕೊಟ್ಟ ಕಮಿಷನ್, ಇವೆಲ್ಲ ಆಸ್ತಿಯ ಅಸಲು ಬೆಲೆಗೆ ಸೇರುತ್ತವೆ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಈಗ ಕೊಳ್ಳುವವರಿಗೆ ಅದು ಸಣ್ಣ ಮೊತ್ತ ಅಲ್ಲ, ರಸೀದಿ ಜೋಪಾನ.

ನಂತರ ಮಾಡಿಸಿದ ಕೆಲಸಗಳಲ್ಲಿ ವ್ಯತ್ಯಾಸ ಇದೆ. ಮೇಲೆ ಒಂದು ಮಹಡಿ ಎತ್ತಿದ್ದು, ಬೋರ್, ಕಾಂಪೌಂಡ್, ಹೊಸ ಲಿಫ್ಟ್, ಖಾತಾಕ್ಕಾಗಿ ಕಟ್ಟಿದ ಅಭಿವೃದ್ಧಿ ಶುಲ್ಕ, ಇವು ಆಸ್ತಿಯನ್ನು ಸುಧಾರಿಸಿದ ಖರ್ಚು. ಮಾರುವಾಗ ಲೆಕ್ಕಕ್ಕೆ ಬರುತ್ತವೆ. ಬಣ್ಣ ಹೊಡೆಸಿದ್ದು, ನಲ್ಲಿ ಬದಲಾಯಿಸಿದ್ದು ಬರುವುದಿಲ್ಲ. ಬಿಲ್ ಎಷ್ಟು ಮುಖ್ಯವೋ, ಹಣ ಬ್ಯಾಂಕಿನಿಂದ ಹೋದ ಗುರುತೂ ಅಷ್ಟೇ ಮುಖ್ಯ. ಈಗಿನ ಅಂಗಡಿ ಬಿಲ್‌ಗಳ ಅಕ್ಷರ ಎರಡು ವರ್ಷದಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆದಿಡಿ.

ಹೆಜ್ಜೆ 2: ಬಾಡಿಗೆಯ ಲೆಕ್ಕ ಸರಿಯಾಗಿ ಹಾಕಿ

ತುಂಬಾ ಜನ ಬಾಡಿಗೆ ಪೂರ್ತಿ ಆದಾಯ ಅಂತ ತೋರಿಸಿ ಸುಮ್ನೆ ಜಾಸ್ತಿ ತೆರಿಗೆ ಕಟ್ಟುತ್ತಾರೆ. ಇನ್ನು ಕೆಲವರು ತೋರಿಸುವುದೇ ಇಲ್ಲ. ಎರಡೂ ಬೇಡ. ಲೆಕ್ಕ ಹೀಗಿದೆ.

ತಿಂಗಳಿಗೆ 25,000 ಬಾಡಿಗೆ ಬರುವ ಫ್ಲ್ಯಾಟ್ ತೆಗೆದುಕೊಳ್ಳಿ. ವರ್ಷಕ್ಕೆ 3,00,000. ಅದರಲ್ಲಿ ನೀವು ಆ ವರ್ಷ ಕಟ್ಟಿದ ಕಂದಾಯ 12,000 ಕಳೆಯಿರಿ. ಉಳಿದದ್ದು 2,88,000. ಅದರ ಮೇಲೆ ಶೇ. 30, ಅಂದರೆ 86,400, ನೇರವಾಗಿ ಬಿಟ್ಟುಬಿಡುತ್ತಾರೆ. ಇದಕ್ಕೆ ಬಿಲ್ ಬೇಡ. ನೀವು ರಿಪೇರಿಗೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಸಿಗುತ್ತದೆ, ಎರಡು ಲಕ್ಷ ಖರ್ಚು ಮಾಡಿದರೂ ಅಷ್ಟೇ. ಈಗ ಉಳಿದದ್ದು 2,01,600. ಸಾಲದ ಬಡ್ಡಿ 1,50,000 ಇದ್ದರೆ ಅದನ್ನೂ ಕಳೆಯಿರಿ. ತೆರಿಗೆಗೆ ಸಿಗುವುದು ಬರೀ 51,600 ರೂಪಾಯಿ. ಮೂರು ಲಕ್ಷ ಎಲ್ಲಿ, ಐವತ್ತು ಸಾವಿರ ಎಲ್ಲಿ ಅಲ್ವಾ?

ಅಂಗಡಿ, ಆಫೀಸು ಕಟ್ಟಡ ಬಾಡಿಗೆಗೆ ಕೊಟ್ಟರೂ ಈ ಶೇ. 30 ಉಂಟು. ಆದರೆ ಖಾಲಿ ಸೈಟನ್ನು ಪಾರ್ಕಿಂಗ್‌ಗೋ ಗುಜರಿಗೋ ಕೊಟ್ಟರೆ ಇಲ್ಲ. ಅಲ್ಲಿ ಕಟ್ಟಡ ಇಲ್ಲವಲ್ಲ. ನೀವೇ ಪಿಜಿ ನಡೆಸಿದರೆ ಅದು ವ್ಯಾಪಾರದ ಆದಾಯ. ಅಡುಗೆಯವರ ಸಂಬಳ, ಕರೆಂಟು, ಗ್ಯಾಸು ಎಲ್ಲ ನಿಜವಾದ ಖರ್ಚಿನ ಲೆಕ್ಕದಲ್ಲೇ ಹೋಗಬೇಕು.

ಕಂದಾಯದ ಬಗ್ಗೆ ಒಂದು ಸೂಕ್ಷ್ಮ. ಅದು ಕಟ್ಟಿದ ವರ್ಷಕ್ಕೆ ಮಾತ್ರ ಕಳೆಯಲು ಬರುತ್ತದೆ. ನೋಟಿಸ್ ಬಂದರೂ ಕಟ್ಟದಿದ್ದರೆ ಲೆಕ್ಕಕ್ಕಿಲ್ಲ. ಹಳೇ ಬಾಕಿ ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಷ್ಟೂ ಈ ವರ್ಷಕ್ಕೇ. ಬಾಡಿಗೆದಾರರು ಕಟ್ಟಿದರೆ ನಿಮಗಿಲ್ಲ. ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಂದಾಯ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇದೆ. ಬಾಡಿಗೆಗೆ ಕೊಟ್ಟ ಮನೆಗೆ, ಸ್ವಂತ ವಾಸದ ಮನೆಗಿಂತ ಕಂದಾಯದ ದರ ಜಾಸ್ತಿ. ಸ್ವಂತ ವಾಸ ಅಂತ ಬರೆದು ಬಾಡಿಗೆಗೆ ಕೊಡಬೇಡಿ. ಸಿಕ್ಕಿಬಿದ್ದರೆ ದಂಡ, ಬಡ್ಡಿ ಎರಡೂ ಬೀಳುತ್ತವೆ. ಆದಾಯ ತೆರಿಗೆಗೆ ಬಾಡಿಗೆ ತೋರಿಸಿ, ಪಾಲಿಕೆಗೆ ಸ್ವಂತ ವಾಸ ಅಂದರೆ ನಿಮ್ಮ ಕಾಗದಗಳೇ ಒಂದಕ್ಕೊಂದು ಜಗಳ ಆಡುತ್ತವೆ.

ಕರಾರಿನಲ್ಲಿ ಬಾಡಿಗೆ ಬೇರೆ, ಮೇಂಟೆನೆನ್ಸ್ ಬೇರೆ ಅಂತ ಬರೆಸಿ. ಮೇಂಟೆನೆನ್ಸನ್ನು ಬಾಡಿಗೆದಾರರೇ ನೇರವಾಗಿ ಅಸೋಸಿಯೇಷನ್‌ಗೆ ಕಟ್ಟಲಿ. ಎರಡನ್ನೂ ಸೇರಿಸಿ ನಿಮ್ಮ ಖಾತೆಗೆ ಹಾಕಿಸಿಕೊಂಡರೆ, ನಿಮ್ಮದಲ್ಲದ ಹಣಕ್ಕೂ ವಿವರಣೆ ಕೊಡುತ್ತಾ ಕೂರಬೇಕು. ಅಡ್ವಾನ್ಸ್ ಆದಾಯ ಅಲ್ಲ, ಅದು ವಾಪಸ್ ಕೊಡುವ ಹಣ. ಲೀಸ್‌ಗೆ ಅಂತ ಹತ್ತು ಹದಿನೈದು ಲಕ್ಷ ತೆಗೆದುಕೊಳ್ಳುವವರು ಮಾತ್ರ ಹುಷಾರು. 20,000 ಅಥವಾ ಅದಕ್ಕಿಂತ ಜಾಸ್ತಿ ಠೇವಣಿಯನ್ನು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಹಾಕಲು ಕಾನೂನಿದೆ.

ಮನೆ ನಾಲ್ಕು ತಿಂಗಳು ಖಾಲಿ ಇತ್ತಾ? ಆ ತಿಂಗಳುಗಳಿಗೆ ಇಲ್ಲದ ಬಾಡಿಗೆ ತೋರಿಸಬೇಕಿಲ್ಲ. ಆದರೆ ಖಾಲಿ ಇತ್ತು ಅನ್ನುವುದಕ್ಕೆ ಏನಾದರೂ ಬೇಕು. ನಾನು ಆ ತಿಂಗಳುಗಳ ಬೆಸ್ಕಾಂ ಬಿಲ್ ಎತ್ತಿಡುತ್ತೇನೆ. ಯೂನಿಟ್ ಜಾಗದಲ್ಲಿ ಸೊನ್ನೆಯೋ ಎರಡೋ ಇರುತ್ತದೆ, ಅದಕ್ಕಿಂತ ಒಳ್ಳೇ ಸಾಕ್ಷಿ ಬೇಡ. ಜೊತೆಗೆ ಬ್ರೋಕರ್‌ಗೆ ಕಳಿಸಿದ ಮೆಸೇಜು, ಹಾಕಿದ ಜಾಹೀರಾತು ಇರಲಿ.

ಹೆಜ್ಜೆ 3: ಹಳೇ ಪದ್ಧತಿಯೋ ಹೊಸದೋ, ಪ್ರತಿ ವರ್ಷ ಲೆಕ್ಕ ಹಾಕಿ ನೋಡಿ

ಆದಾಯ ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ: ರಿಯಾಯಿತಿ ಜಾಸ್ತಿ ಇರುವ ಹಳೇದು, ದರ ಕಡಿಮೆ ಇರುವ ಹೊಸದು. ಮೇಲಿನ ಲೆಕ್ಕದಲ್ಲಿ ಬಡ್ಡಿ 1,50,000ದ ಬದಲು 3,50,000 ಇದ್ದರೆ? ಆಗ ಮನೆಯಿಂದ ಬಂದದ್ದು ಆದಾಯ ಅಲ್ಲ, 1,48,400 ನಷ್ಟ. ಹಳೇ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದಿಂದ ಕಳೆಯಬಹುದು, ವರ್ಷಕ್ಕೆ 2 ಲಕ್ಷದವರೆಗೆ. ಮಿಕ್ಕಿದ್ದನ್ನು 8 ವರ್ಷ ಮುಂದಕ್ಕೆ ಒಯ್ದು ಮನೆ ಬಾಡಿಗೆ ಆದಾಯದ ಎದುರು ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಬಾಡಿಗೆ ಆದಾಯ ಸೊನ್ನೆ ಆಗುವವರೆಗೆ ಬಡ್ಡಿ ಕಳೆಯಬಹುದು, ಅಲ್ಲಿಗೆ ಮುಗಿಯಿತು. ಸಂಬಳಕ್ಕೆ ತಾಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಸ್ವಂತ ವಾಸದ ಮನೆಯ ಬಡ್ಡಿಗೂ ಹೊಸ ಪದ್ಧತಿಯಲ್ಲಿ ಏನೂ ಇಲ್ಲ. ಅಸಲಿನ ಕಂತು, ಮುದ್ರಾಂಕ ಶುಲ್ಕಕ್ಕೆ 80ಸಿ ಅಡಿ ಸಿಗುವ 1.5 ಲಕ್ಷವೂ ಹಳೇ ಪದ್ಧತಿಗೆ ಮಾತ್ರ.

ಹಾಗಂತ ಹಳೇದೇ ಒಳ್ಳೇದು ಅಂತಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಕಳೆದು ತೆರಿಗೆ ಸೊನ್ನೆ. ಪಿಂಚಣಿ, ಬಾಡಿಗೆ ಸೇರಿ ಅದರೊಳಗೇ ಇರುವ ಹಿರಿಯರಿಗೆ ಹೊಸದೇ ಸಲೀಸು. ದೊಡ್ಡ ಸಾಲ, ದೊಡ್ಡ ಸಂಬಳ ಎರಡೂ ಇರುವವರು ಎರಡೂ ಕಡೆ ಲೆಕ್ಕ ಹಾಕಲೇಬೇಕು. ಸಂಬಳದವರು ಪ್ರತಿ ವರ್ಷ ಬದಲಾಯಿಸಿಕೊಳ್ಳಬಹುದು. ಆದರೆ ಹಳೇದು ಬೇಕಾದರೆ ಗಡುವಿನೊಳಗೆ ರಿಟರ್ನ್ ಹಾಕಿರಬೇಕು. ತಡವಾದರೆ ಆ ಬಾಗಿಲು ಮುಚ್ಚುತ್ತದೆ.

ಒಂದು ಮುಖ್ಯ ಎಚ್ಚರಿಕೆ. ಆ 12 ಲಕ್ಷದ ರಿಬೇಟ್, ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಆಸ್ತಿ ಮಾರಿದಾಗ ಬರುವ ಲಾಭದ (ಕ್ಯಾಪಿಟಲ್ ಗೇನ್) ತೆರಿಗೆಗೆ ಅನ್ವಯಿಸುವುದಿಲ್ಲ. "ನನ್ನ ಲಾಭ 10 ಲಕ್ಷ ತಾನೇ, ತೆರಿಗೆ ಇಲ್ಲ" ಅಂತ ನೆಮ್ಮದಿಯಾಗಿ ಕೂತವರನ್ನು ನಾನು ನೋಡಿದ್ದೇನೆ. ಇದೆ.

ಕಟ್ಟುತ್ತಿರುವ ಫ್ಲ್ಯಾಟಿಗೆ ನಾಲ್ಕು ವರ್ಷ ಬಡ್ಡಿ ಕಟ್ಟಿದ್ದೀರಾ? ಅದು ವ್ಯರ್ಥ ಅಲ್ಲ. ಕಟ್ಟಡ ಮುಗಿದ ವರ್ಷದಿಂದ ಐದು ಸಮ ಕಂತುಗಳಲ್ಲಿ ಅದನ್ನು ಕಳೆಯಬಹುದು. ಬ್ಯಾಂಕಿನಿಂದ ಆ ಹಳೇ ವರ್ಷಗಳ ಸರ್ಟಿಫಿಕೇಟೂ ತೆಗೆಸಿಡಿ.

ಹೆಜ್ಜೆ 4: ಸಾಲದ ಬಡ್ಡಿ ದರ ಒಮ್ಮೆ ತೆಗೆದು ನೋಡಿ

ತೆರಿಗೆಗಿಂತ ದೊಡ್ಡ ಉಳಿತಾಯ ಕೆಲವೊಮ್ಮೆ ಇಲ್ಲೇ ಇರುತ್ತದೆ. ರಿಸರ್ವ್ ಬ್ಯಾಂಕಿನ ರೆಪೋ ದರ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರ) 2025ರ ಶುರುವಿನಲ್ಲಿ ಶೇ. 6.50 ಇತ್ತು, ಡಿಸೆಂಬರ್ ಹೊತ್ತಿಗೆ ಶೇ. 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್ ನಂತರ ಬ್ಯಾಂಕಿನಿಂದ ಫ್ಲೋಟಿಂಗ್ (ಕಾಲಕ್ಕೆ ತಕ್ಕಂತೆ ಬದಲಾಗುವ) ದರದಲ್ಲಿ ಮನೆ ಸಾಲ ತೆಗೆದವರ ಸಾಲ ಬಹುಪಾಲು ರೆಪೋಗೆ ಹೊಂದಿಕೊಂಡಿರುತ್ತದೆ, ತಾನಾಗಿ ಇಳಿದಿರುತ್ತದೆ. ಅದಕ್ಕೂ ಹಳೇ ಸಾಲಗಳು, ಹೌಸಿಂಗ್ ಫೈನಾನ್ಸ್ ಕಂಪನಿಗಳ ಸಾಲಗಳು ಬೇರೆ ಲೆಕ್ಕದಲ್ಲಿರುತ್ತವೆ. ಕೇಳದಿದ್ದರೆ ಅಷ್ಟು ಇಳಿಯದೇ ಇರಬಹುದು.

50 ಲಕ್ಷ, 20 ವರ್ಷ, ಶೇ. 9 ಬಡ್ಡಿ. ಇಎಂಐ ಸುಮಾರು 44,986. ಅದೇ ಶೇ. 8 ಆದರೆ 41,822. ತಿಂಗಳಿಗೆ 3,164 ರೂಪಾಯಿ, ಇಪ್ಪತ್ತು ವರ್ಷಕ್ಕೆ ಏಳೂವರೆ ಲಕ್ಷಕ್ಕೂ ಮೇಲೆ. ಬ್ಯಾಂಕಿಗೆ ಹೋಗಿ "ನನ್ನ ಸಾಲ ಯಾವ ದರಕ್ಕೆ ಹೊಂದಿಕೊಂಡಿದೆ, ರೆಪೋಗೆ ಬದಲಾಯಿಸಲು ಶುಲ್ಕ ಎಷ್ಟು" ಅಂತ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿ. ವ್ಯಕ್ತಿಗಳ ಫ್ಲೋಟಿಂಗ್ ದರದ ಮನೆ ಸಾಲಕ್ಕೆ ಮುಂಚಿತವಾಗಿ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ದರ ಇಳಿದಾಗ ಇಎಂಐ ಕಡಿಮೆ ಮಾಡುವುದೋ, ಅವಧಿ ಕಡಿಮೆ ಮಾಡುವುದೋ ಅಂತ ಕೇಳಿದರೆ, ಮನೆ ಖರ್ಚು ನಡೆಯುತ್ತಿದ್ದರೆ ಅವಧಿಯೇ ಕಡಿಮೆ ಮಾಡಿಸಿ. ನನ್ನ ಸಲಹೆ ಅದೇ.

ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ದಾಖಲೆ ಕೈಗೆ ಬಂದ ಮೇಲೆ ಇಸಿ ತೆಗೆಸಿ, ಸಾಲದ ಗುರುತು ತೆಗೆದಿದ್ದಾರಾ ನೋಡಿ.

ಬಿಲ್ಡರ್ ಫ್ಲ್ಯಾಟ್ ಕೊಡುವುದು ತಡ ಮಾಡಿದ್ದರೆ ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಸೆಕ್ಷನ್ 18 ನಿಮ್ಮ ಕಡೆ ಇದೆ. ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು, ಇಲ್ಲವೇ ಫ್ಲ್ಯಾಟ್ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕರ್ನಾಟಕದಲ್ಲಿ ಆ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್ಆರ್ (ಬ್ಯಾಂಕ್ ಸಾಲದ ಮೂಲ ದರ) ಮೇಲೆ ಶೇ. 2. ಆದೇಶ ಸಿಕ್ಕ ಮೇಲೂ ಬಿಲ್ಡರ್ ಕೊಡದಿದ್ದರೆ ವಸೂಲಿ ಕಂದಾಯ ಇಲಾಖೆಯ ಮೂಲಕ ಆಗಬೇಕು, ಅದಕ್ಕೆ ತಾಳ್ಮೆ ಬೇಕು.

ಹೆಜ್ಜೆ 5: ಮಾರುವ ಮುಂಚೆ, ಅಗ್ರಿಮೆಂಟಿಗೂ ಮುಂಚೆ

ಎಲ್ಲಕ್ಕಿಂತ ಜಾಸ್ತಿ ಹಣ ಉಳಿಯುವುದೂ ಇಲ್ಲೇ, ಹೋಗುವುದೂ ಇಲ್ಲೇ.

ಮೊದಲು ಎಷ್ಟು ದಿನ ಇಟ್ಟುಕೊಂಡಿದ್ದೀರಿ ನೋಡಿ. 24 ತಿಂಗಳು ದಾಟಿದ್ದರೆ ದೀರ್ಘಾವಧಿ ಲಾಭ. ದಾಟದಿದ್ದರೆ ನಿಮ್ಮ ಸ್ಲ್ಯಾಬ್ ದರ, ಶೇ. 30ರವರೆಗೂ ಹೋಗಬಹುದು. 23ನೇ ತಿಂಗಳಲ್ಲಿ ಒಳ್ಳೇ ಗಿರಾಕಿ ಬಂದರೆ ಒಂದೆರಡು ತಿಂಗಳು ತಡೆಯಲು ಕೇಳಿ ನೋಡಿ.

ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ತೆರಿಗೆ, ಇಂಡೆಕ್ಸೇಶನ್ ಇಲ್ಲ. ಆದರೆ ಆ ದಿನಕ್ಕಿಂತ ಮುಂಚೆ ಕೊಂಡ ಜಾಗ, ಕಟ್ಟಡ ಆಗಿದ್ದು, ನೀವು ಭಾರತದಲ್ಲೇ ವಾಸಿಸುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಆಗಿದ್ದರೆ, ಹಳೇ ಲೆಕ್ಕವನ್ನೂ ಹಾಕಬಹುದು. ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ, ಉಳಿದ ಲಾಭಕ್ಕೆ ಶೇ. 20. ಎರಡರಲ್ಲಿ ಯಾವುದು ಕಡಿಮೆಯೋ ಅದು. "ಇಂಡೆಕ್ಸೇಶನ್ ಹೋಯ್ತು" ಅಂತ ಊರೆಲ್ಲ ಹೇಳುತ್ತಾರೆ. ಹಳೇ ಆಸ್ತಿ ಇರುವವರಿಗೆ ಹೋಗಿಲ್ಲ, ದಯವಿಟ್ಟು ನೆನಪಿಡಿ.

ಚಿಕ್ಕಪ್ಪನ ಲೆಕ್ಕಕ್ಕೆ ಬರೋಣ. ಮಾರಿದ ಬೆಲೆ 48 ಲಕ್ಷ. ಬ್ರೋಕರ್‌ಗೆ ಕೊಟ್ಟ 48,000 ಕಳೆದರೆ 47,52,000. ಇಂಡೆಕ್ಸ್ ಸಂಖ್ಯೆ 2005-06ಕ್ಕೆ 117, 2009-10ಕ್ಕೆ 148, 2025-26ಕ್ಕೆ 376. ಸೈಟಿನ 6 ಲಕ್ಷ ಇಂಡೆಕ್ಸ್ ಹಾಕಿದರೆ 19,28,205 ಆಗುತ್ತದೆ. ಬೋರ್, ಕಾಂಪೌಂಡಿನ 2,40,000 ಏರಿ 6,09,730.

ಬಿಲ್ ಸಿಗದೇ ಇದ್ದಿದ್ದರೆ ಕಡಿಮೆ ಬರುತ್ತಿದ್ದದ್ದು ಶೇ. 12.5ರ ಲೆಕ್ಕ. ಲಾಭ 41,52,000, ತೆರಿಗೆ 5,19,000. ಬಿಲ್ ಸಿಕ್ಕಿದ್ದರಿಂದ ಶೇ. 20ರ ಲೆಕ್ಕವೇ ಅಗ್ಗವಾಯಿತು. ಇಂಡೆಕ್ಸ್ ಮಾಡಿದ ಲಾಭ 22,14,065, ತೆರಿಗೆ 4,42,813. ವ್ಯತ್ಯಾಸ 76,187 ರೂಪಾಯಿ, ಮೇಲಿನ ಶೇ. 4 ಸೆಸ್ ಬಿಟ್ಟು. ಚಿಕ್ಕಮ್ಮನಿಗೆ ಹೇಳಿದಾಗ ಅವರು ಆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಡವೆ ಇಡುವ ಬೀರುವಿಗೆ ಇಟ್ಟರು.

ಫ್ಲ್ಯಾಟುಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಯಾಕೆಂದರೆ ಅವುಗಳ ಬೆಲೆ ಸೈಟಿನ ಹಾಗೆ ಏರುವುದಿಲ್ಲ. 2012-13ರಲ್ಲಿ 50 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನು 2025-26ರಲ್ಲಿ 90 ಲಕ್ಷಕ್ಕೆ ಮಾರಿದರೆ ಶೇ. 12.5ರಂತೆ 5 ಲಕ್ಷ ತೆರಿಗೆ. ಇಂಡೆಕ್ಸ್ ಹಾಕಿದರೆ ಕೊಂಡ ಬೆಲೆಯೇ 94 ಲಕ್ಷ ಆಗುತ್ತದೆ, ತೆರಿಗೆ ಸೊನ್ನೆ. ಹಣದುಬ್ಬರಕ್ಕಿಂತ ತುಂಬಾ ಜಾಸ್ತಿ ಬೆಲೆ ಏರಿದ ಆಸ್ತಿಗೆ ಮಾತ್ರ ಶೇ. 12.5 ಅಗ್ಗ. ನಿಮ್ಮದು ಯಾವುದು ಅಂತ ಊಹಿಸಬೇಡಿ, ಎರಡೂ ಲೆಕ್ಕ ಹಾಕಿ.

ಅಪ್ಪನಿಂದ ಬಂದ ಆಸ್ತಿಯಾದರೆ ಅಪ್ಪ ಕೊಟ್ಟ ಬೆಲೆ ನಿಮ್ಮ ಬೆಲೆ, ಅವರು ಇಟ್ಟುಕೊಂಡ ಕಾಲವೂ ನಿಮ್ಮ ಲೆಕ್ಕಕ್ಕೆ. ಅದು 2001ರ ಏಪ್ರಿಲ್ 1ಕ್ಕೂ ಹಿಂದಿನದಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. 1988ರಲ್ಲಿ 40,000ಕ್ಕೆ ಕೊಂಡ ಸೈಟು 2001ಕ್ಕೆ 4 ಲಕ್ಷ ಆಗಿದ್ದರೆ ಲೆಕ್ಕ 4 ಲಕ್ಷದಿಂದ ಶುರು. ಇದಕ್ಕೆ ನೋಂದಾಯಿತ ವ್ಯಾಲ್ಯುಯರ್‌ ವರದಿ ಮಾಡಿಸಿ. ಆದರೆ ಆ ಮೊತ್ತ ಅಂದಿನ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ) ದಾಟುವಂತಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆಗಿನ ದರ ಪಟ್ಟಿ ಮೊದಲು ಪಡೆಯಿರಿ.

ಗೈಡೆನ್ಸ್ ವ್ಯಾಲ್ಯೂಗಿಂತ ಕಡಿಮೆಗೆ ಮಾರುತ್ತಿದ್ದರೆ ಸೆಕ್ಷನ್ 50ಸಿ ನೆನಪಿರಲಿ. ವ್ಯತ್ಯಾಸ ಶೇ. 10 ದಾಟಿದರೆ, ಕೈಗೆ ಬಾರದ ಹಣಕ್ಕೂ ತೆರಿಗೆ. ಕೊಂಡವರಿಗೂ ಬೀಳುತ್ತದೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಗೈಡೆನ್ಸ್ ವ್ಯಾಲ್ಯೂ ಏರಿದ ಮೇಲೆ ಇಂಥ ಪ್ರಸಂಗ ಜಾಸ್ತಿಯಾಗಿದೆ. ಅಗ್ರಿಮೆಂಟ್ ಆಗಿ, ಅಡ್ವಾನ್ಸ್ ಬ್ಯಾಂಕ್ ಮೂಲಕ ಬಂದಿದ್ದರೆ ಅಗ್ರಿಮೆಂಟ್ ದಿನದ ದರವನ್ನೇ ಹಿಡಿಯಬಹುದು. ಹಾಗಾಗಿ ಆ ಅಡ್ವಾನ್ಸನ್ನು ನಗದಾಗಿ ಮುಟ್ಟಬೇಡಿ.

ಇನ್ನು "ಅರ್ಧ ಬ್ಲ್ಯಾಕ್" ಮಾತು. ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಇವತ್ತು 80 ಲಕ್ಷ ಕೊಟ್ಟು 50 ಲಕ್ಷಕ್ಕೆ ನೋಂದಣಿ ಮಾಡಿಸಿದರೆ, ನಾಳೆ ನೀವು ಮಾರುವಾಗ ನಿಮ್ಮ ಅಸಲು 50 ಲಕ್ಷವೇ. ಮಾರಿದವರ ತೆರಿಗೆಯನ್ನೂ ನೀವೇ ಹೊತ್ತ ಹಾಗೆ. ದೊಡ್ಡ ಮೊತ್ತದ ವ್ಯವಹಾರಗಳನ್ನು ಸಬ್ ರಿಜಿಸ್ಟ್ರಾರ್ ಕಚೇರಿ ತೆರಿಗೆ ಇಲಾಖೆಗೆ ತಿಳಿಸುತ್ತದೆ, ಇಲಾಖೆಯಲ್ಲಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ ಕಾಣುತ್ತದೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಲೇಬೇಕು.

ಹೆಜ್ಜೆ 6: ಮಾರಿದ ಹಣವನ್ನು ಎಲ್ಲಿ ಹಾಕಬೇಕು

ಮೂರು ದಾರಿಗಳಿವೆ.

ಮನೆ ಮಾರಿ ಮನೆ ಕೊಂಡರೆ ಸೆಕ್ಷನ್ 54. ಲಾಭದಷ್ಟು ಹಣ ಹಾಕಿದರೆ ಸಾಕು. ಮಾರುವುದಕ್ಕೆ ಒಂದು ವರ್ಷ ಮುಂಚೆ ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಮನೆ ಭಾರತದಲ್ಲೇ ಇರಬೇಕು. ಲಾಭ 2 ಕೋಟಿಯೊಳಗಿದ್ದರೆ ಜೀವನದಲ್ಲಿ ಒಂದು ಸಲ ಎರಡು ಮನೆಗೂ ಹಂಚಬಹುದು. ಇಬ್ಬರು ಮಕ್ಕಳಿರುವವರಿಗೆ ಇದು ಅನುಕೂಲ. ಹೊಸ ಮನೆಯನ್ನು ಮೂರು ವರ್ಷ ಮಾರಬೇಡಿ.

ಸೈಟು ಮಾರಿ ಮನೆ ಕೊಂಡರೆ 54ಎಫ್. ಇಲ್ಲಿ ಲಾಭ ಅಲ್ಲ, ಬಂದ ಹಣವನ್ನೆಲ್ಲ ಹಾಕಬೇಕು. 60 ಲಕ್ಷ ಬಂದು 30 ಲಕ್ಷ ಮಾತ್ರ ಮನೆಗೆ ಹಾಕಿದರೆ ಲಾಭದಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ. ಮಾರುವ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಜಾಸ್ತಿ ಮನೆ ಇದ್ದರೆ ಈ ಸೌಲಭ್ಯವೇ ಇಲ್ಲ. ಎರಡು ಬಾಡಿಗೆ ಮನೆ ಇರುವವರು ಇದನ್ನು ನಂಬಿಕೊಂಡು ಸೈಟು ಮಾರಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಮತ್ತೆ ಆಸ್ತಿ ಬೇಡ ಅನ್ನುವವರಿಗೆ 54ಇಸಿ ಬಾಂಡು. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿಯಂಥ ಸಂಸ್ಥೆಗಳದ್ದು. ಮಾರಿದ ಆರು ತಿಂಗಳೊಳಗೆ ಹಾಕಬೇಕು, 50 ಲಕ್ಷದವರೆಗೆ, ಐದು ವರ್ಷ ತೆಗೆಯುವಂತಿಲ್ಲ. ಬಡ್ಡಿ ಶೇ. 5.25ರ ಆಸುಪಾಸು, ಅದಕ್ಕೆ ತೆರಿಗೆಯೂ ಇದೆ. ಬಡ್ಡಿ ಕಡಿಮೆ ಅಂತ ಮೂಗು ಮುರಿಯುವ ಮುಂಚೆ ಲೆಕ್ಕ ನೋಡಿ. 40 ಲಕ್ಷ ಲಾಭ ಬಾಂಡಿಗೆ ಹಾಕಿದರೆ ವರ್ಷಕ್ಕೆ 2.10 ಲಕ್ಷ ಬಡ್ಡಿ, ಐದು ವರ್ಷಕ್ಕೆ ಒಟ್ಟು 50.50 ಲಕ್ಷ ಕೈಗೆ. 5 ಲಕ್ಷ ತೆರಿಗೆ ಕಟ್ಟಿ ಮಿಕ್ಕ 35 ಲಕ್ಷವನ್ನು ಶೇ. 7ಕ್ಕೆ ಎಫ್‌ಡಿ ಇಟ್ಟರೆ 47.25 ಲಕ್ಷ. ಹಣ ಸದ್ಯಕ್ಕೆ ಬೇಡದವರಿಗೆ, ಅದರಲ್ಲೂ ನಿವೃತ್ತರಿಗೆ, ನಾನು ಬಾಂಡನ್ನೇ ಹೇಳುತ್ತೇನೆ. ಚಿಕ್ಕಪ್ಪನಿಗೆ ಹಣ ತಕ್ಷಣ ಬೇಕಿತ್ತು, ಅವರು ತೆರಿಗೆ ಕಟ್ಟಿದರು. ಅದೂ ಸರಿಯೇ.

ಈಗ ನನಗೆ ತುಂಬಾ ಬೇಸರ ತಂದ ಒಂದು ಘಟನೆ. ನಮ್ಮ ಸೋದರತ್ತೆ ಮನೆ ಮಾರಿದರು. ಬೇರೆ ಮನೆ ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. "ಹಣ ಎಫ್‌ಡಿಯಲ್ಲಿ ಇಡಿ ಅಮ್ಮ, ಎರಡು ವರ್ಷ ಟೈಮ್ ಇದೆ" ಅಂತ ಬ್ಯಾಂಕಿನಲ್ಲಿ ಯಾರೋ ಹೇಳಿದರು. ಅವರು ಹಾಗೇ ಮಾಡಿದರು. ಎರಡು ವರ್ಷ ಟೈಮ್ ಇರುವುದು ನಿಜ. ಆದರೆ ರಿಟರ್ನ್ ಹಾಕುವ ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31, ಮನೆ ಕೊಳ್ಳಲು ಆಗದಿದ್ದರೆ ಆ ಹಣ ಕ್ಯಾಪಿಟಲ್ ಗೇನ್ಸ್ ಅಕೌಂಟ್ ಸ್ಕೀಮ್ ಅನ್ನುವ ವಿಶೇಷ ಖಾತೆಯಲ್ಲಿ ಇರಬೇಕು. ಮಾಮೂಲಿ ಎಫ್‌ಡಿ ಅದಲ್ಲ. ಅತ್ತೆಗೆ ನೋಟಿಸ್ ಬಂತು, ತೆರಿಗೆ ಬಡ್ಡಿ ಸಮೇತ ಕಟ್ಟಿದರು. ಹೊಸ ಮನೆಗೆ ಇಟ್ಟಿದ್ದ ಹಣದಲ್ಲಿ ಒಂದು ಕೋಣೆಯಷ್ಟು ಹೋಯಿತು.

ಹಾಗಾಗಿ ಬ್ಯಾಂಕಿಗೆ ಹೋದಾಗ ಬಾಯಿ ಬಿಟ್ಟು ಆ ಹೆಸರನ್ನೇ ಹೇಳಿ. 1988ರ ಸ್ಕೀಮ್ ಇದು. ಎಲ್ಲ ಶಾಖೆಗಳಲ್ಲೂ ಇರುವುದಿಲ್ಲ. ಎ ಖಾತೆ ಉಳಿತಾಯ ಖಾತೆಯ ಹಾಗೆ, ಬಿ ಖಾತೆ ಠೇವಣಿಯ ಹಾಗೆ. ಕಟ್ಟಿಸುತ್ತಾ ಹಂತಹಂತವಾಗಿ ತೆಗೆಯುವವರು ಎ ತೆರೆಯಿರಿ. ತೆಗೆದ ಹಣವನ್ನು 60 ದಿನದೊಳಗೆ ಖರ್ಚು ಮಾಡಬೇಕು. ಪಾಸ್‌ಬುಕ್ಕಿನ ಮೇಲೆ ಸ್ಕೀಮಿನ ಹೆಸರು ಅಚ್ಚಾಗಿದೆಯಾ ಅಂತ ಕೌಂಟರ್ ಬಿಡುವ ಮುಂಚೆ ನೋಡಿ.

ಹೆಜ್ಜೆ 7: ಯಾರ ಹೆಸರಿನಲ್ಲಿ?

ಹೆಂಡತಿ ಹೆಸರಿಗೆ ಮನೆ ದಾನ ಮಾಡಿದರೆ ಬಾಡಿಗೆ ಆದಾಯ ಅವರದ್ದಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ, ಅದು ಗಂಡನ ಲೆಕ್ಕಕ್ಕೇ ಸೇರುತ್ತದೆ. ಇಬ್ಬರೂ ದುಡಿಯುವವರಾದರೆ ಕೊಳ್ಳುವಾಗಲೇ ಜಂಟಿಯಾಗಿ ಕೊಳ್ಳಿ, ಸಾಲವೂ ಜಂಟಿಯಾಗಿರಲಿ, ಇಎಂಐ ಇಬ್ಬರ ಖಾತೆಯಿಂದಲೂ ಹೋಗಲಿ. ಹಳೇ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೂ ಇಬ್ಬರಿಗೂ ತಲಾ 2 ಲಕ್ಷ ಬಡ್ಡಿ ಕಳೆಯಬಹುದು. ಮಾರಿದಾಗ ಬಾಂಡಿನ 50 ಲಕ್ಷದ ಮಿತಿಯೂ ಇಬ್ಬರಿಗೂ ಬೇರೆ ಬೇರೆ.

ಅಪ್ಪ ಅಮ್ಮನಿಗೆ, ವಯಸ್ಸಿಗೆ ಬಂದ ಮಕ್ಕಳಿಗೆ ದಾನ ಮಾಡಿದರೆ ಆದಾಯ ನಿಜವಾಗಿಯೂ ಅವರದ್ದು. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವೂ ಶೇಕಡಾ ಲೆಕ್ಕದ್ದಲ್ಲ, ಸಣ್ಣ ನಿಗದಿತ ಮೊತ್ತ. ಆದರೆ ತೆರಿಗೆ ಉಳಿಸಲು ಅಂತಲೇ ಹೀಗೆ ಮಾಡಬೇಡಿ. ದಾನ ಅಂದರೆ ಕೊಟ್ಟ ಹಾಗೆ. ನಾಳೆ ಅಣ್ಣತಮ್ಮಂದಿರ ನಡುವೆ ಪಾಲಿನ ಪ್ರಶ್ನೆ ಬಂದರೆ ಅಪ್ಪ ಅಮ್ಮನಿಗೆ ಕೊಟ್ಟ ಆ ಮನೆಯೂ ಪಾಲಿಗೆ ಬರುತ್ತದೆ.

ಹಳ್ಳಿಯ ಜಮೀನು ಇರುವವರಿಗೆ

ಗ್ರಾಮೀಣ ಕೃಷಿ ಜಮೀನು ಮಾರಿದರೆ ಕ್ಯಾಪಿಟಲ್ ಗೇನ್ ತೆರಿಗೆ ಇಲ್ಲ. ಗ್ರಾಮೀಣ ಅಂದರೆ ಎಲ್ಲಿಂದ ಎಲ್ಲಿಗೆ? ಹತ್ತಿರದ ಪಟ್ಟಣದ ಎಲ್ಲೆಯಿಂದ ನೇರ ಗೆರೆಯಲ್ಲಿ ಅಳೆಯುತ್ತಾರೆ, ರಸ್ತೆ ದೂರ ಅಲ್ಲ. ಜನಸಂಖ್ಯೆ 10 ಸಾವಿರದಿಂದ 1 ಲಕ್ಷ ಇದ್ದರೆ 2 ಕಿ.ಮೀ., 10 ಲಕ್ಷದವರೆಗೆ 6, ಅದಕ್ಕೂ ಮೇಲಿದ್ದರೆ 8 ಕಿ.ಮೀ. ಆಚೆ ಇರಬೇಕು. ತಹಶೀಲ್ದಾರ್ ಕಚೇರಿಯಿಂದ ದೂರದ ದೃಢೀಕರಣ, ಬೆಳೆ ನಮೂದಾಗಿರುವ ಪಹಣಿ ಎರಡೂ ತೆಗೆದಿಡಿ. ಎಲ್ಲೆಯ ಒಳಗಿದ್ದರೂ, ಎರಡು ವರ್ಷ ಉಳುಮೆ ಮಾಡಿದ ಜಮೀನಾಗಿದ್ದು, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ 54ಬಿ ಅಡಿ ವಿನಾಯಿತಿ ಉಂಟು. ಅಲಿನೇಷನ್ (ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ) ಮಾಡಿಸಿ ಲೇಔಟ್ ಹಾಕಿದ ಮೇಲೆ ಈ ಮಾತು ನಡೆಯುವುದಿಲ್ಲ. ಅದನ್ನು ಮಾಡಿಸುವ ಮುಂಚೆಯೇ ಯೋಚಿಸಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ನೀವು ಎನ್‌ಆರ್‌ಐ ಆಗಿದ್ದು ಬೆಂಗಳೂರಿನ ಫ್ಲ್ಯಾಟ್ ಮಾರುತ್ತಿದ್ದರೆ ಮೇಲಿನ ಎರಡು ಮಾತು ನಿಮಗೆ ಅನ್ವಯಿಸುವುದಿಲ್ಲ. ಇಂಡೆಕ್ಸೇಶನ್ ಜೊತೆಗಿನ ಶೇ. 20ರ ಆಯ್ಕೆ ನಿಮಗಿಲ್ಲ. ಕೊಳ್ಳುವವರು ಹಿಡಿಯಬೇಕಾದ ಟಿಡಿಎಸ್ ಶೇ. 1 ಅಲ್ಲ, ದೀರ್ಘಾವಧಿ ಆಸ್ತಿಗೆ ಶೇ. 12.5, ಮೇಲೆ ಸರ್‌ಚಾರ್ಜ್, ಸೆಸ್. ಅದನ್ನೂ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ ಹಿಡಿದುಬಿಡುತ್ತಾರೆ. 1 ಕೋಟಿಯ ಫ್ಲ್ಯಾಟಿಗೆ ಹತ್ತಿರ ಹತ್ತಿರ 15 ಲಕ್ಷ ಸಿಕ್ಕಿಹಾಕಿಕೊಂಡು, ರೀಫಂಡಿಗೆ ವರ್ಷ ಕಾಯಬೇಕು.

ಇದಕ್ಕೆ ದಾರಿ ಇದೆ. ಕಡಿಮೆ ಟಿಡಿಎಸ್ ಸರ್ಟಿಫಿಕೇಟಿಗೆ ತೆರಿಗೆ ಇಲಾಖೆಗೆ ಮುಂಚಿತವಾಗಿ ಅರ್ಜಿ ಹಾಕಿ. ನಿಮ್ಮ ನಿಜವಾದ ಲಾಭದ ಲೆಕ್ಕ, ಕ್ರಯಪತ್ರ, ಅಗ್ರಿಮೆಂಟಿನ ಕರಡು, ಹಿಂದಿನ ರಿಟರ್ನ್‌ಗಳು, ಮತ್ತೆ ಮನೆ ಅಥವಾ ಬಾಂಡು ಕೊಳ್ಳುವ ಯೋಚನೆ ಇದ್ದರೆ ಅದೂ ಸೇರಿಸಿ. ಸರ್ಟಿಫಿಕೇಟು ಕೈಗೆ ಬರಲು ವಾರಗಳು ಹಿಡಿಯುತ್ತವೆ. ಹಾಗಾಗಿ ಅಗ್ರಿಮೆಂಟಿನಲ್ಲಿ ನೋಂದಣಿಗೆ ಕನಿಷ್ಠ ಎರಡು ಮೂರು ತಿಂಗಳ ಸಮಯ ಬರೆಸಿ, "ಸರ್ಟಿಫಿಕೇಟಿನ ದರದಂತೆ ಟಿಡಿಎಸ್" ಅನ್ನುವ ಒಂದು ಸಾಲನ್ನೂ ಹಾಕಿಸಿ. ಊರಲ್ಲಿ ನಿಮ್ಮ ಪರವಾಗಿ ಸಹಿ ಹಾಕುವ ಅಣ್ಣನಿಗೋ ಭಾವನಿಗೋ ಜಿಪಿಎ (ಅಧಿಕಾರ ಪತ್ರ) ಕಳಿಸುವಾಗ, ಈ ಸಾಲು ಇರುವ ಕರಡನ್ನೂ ಜೊತೆಗೇ ಕಳಿಸಿಬಿಡಿ.